ಹೊಲ, ಕಣ, ತೋಪುಗಳಲ್ಲಿ ಹಾಕಿದ ಬೆಂಕಿಯನ್ನು ಪೂರ್ಣವಾಗಿ ಆರಿಸುವ ಕ್ರಮ

ಪೈರು ಕಾಯುವವರೂ, ಕಣದಲ್ಲಿ ಮಲಗುವವರೂ, ಬಂಡಿ ಬಿಟ್ಟು ಊರ ತೋಪಿನಲ್ಲಿ ಇಳಿದುಕೊಳ್ಳುವವರೂ ಅಡಿಗೆಗಾಗಿ ಅಥವಾ ಚಳಿಗಾಗಿ ಬೆಂಕಿ ಹಾಕುವುದು ವಾಡಿಕೆ. ಇದನ್ನು ಬೇಡವೆನ್ನಲಾಗದು. ಆದರೆ ಹೊರಡುವಾಗ ಕಾಲಿನಿಂದ ಅದರ ಮೇಲೆ ಬೂದಿಯನ್ನೆಳೆದು, ಬೆಂಕಿ ಆರಿತೆಂದು ನಂಬಿ ಎದ್ದುಹೋಗುವುದು ದೊಡ್ಡ ತಪ್ಪು.

ನಮ್ಮ ಹೆಂಗಸರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚುವುದು ಅದನ್ನು ಆರಿಸುವುದಕ್ಕಲ್ಲ, ಬೆಳಗಿನವರೆಗೆ ಉಳಿಸಿಕೊಳ್ಳುವುದಕ್ಕೆ. ಬೂದಿಯು ಶಾಖವನ್ನು ಹೊರಕ್ಕೆ ಬಿಡದು. ಸಂದುಗಳಲ್ಲಿ ನುಸುಳುವ ಅಲ್ಪ ಗಾಳಿಯೇ ಕೆಂಡಕ್ಕೆ ಸಾಕು. ಮನೆಯಲ್ಲಿ ಕೆಂಡವನ್ನು ಕಾಪಾಡುವ ಉಪಾಯವು ಹೊಲದಲ್ಲಿ ಅದನ್ನು ಆರಿಸುವುದೆಂತು? ಬಿಸಿಲೇರಿ ಗಾಳಿ ಎದ್ದೊಡನೆ ಬೂದಿ ಹಾರಿ, ಕಿಡಿಯು ಬಣವೆಗೆ ತಗಲುತ್ತದೆ. ರಾಗಿಹುಲ್ಲಿನ ಬಣವೆ ಸುಟ್ಟುಹೋದ ರೈತನು ಬೇಸಗೆಯಲ್ಲಿ ಎತ್ತುಗಳನ್ನು ಮಾರಬೇಕಾಗುವುದು. ಮುಂಗಾರಿನಲ್ಲಿ ಅವನ ಆರು ಕಟ್ಟುವವರಾರು?

ಆದುದರಿಂದ ಬೆಂಕಿ ಹಾಕುವ ಮೊದಲೇ ಒಂದು ಕೊಡ ನೀರನ್ನು ಬಳಿಯಲ್ಲಿಟ್ಟುಕೊಳ್ಳತಕ್ಕದ್ದು. ಬಣವೆಗೆ ದೂರವಾಗಿ, ಮರದ ಬುಡವನ್ನು ಬಿಟ್ಟು, ಸುತ್ತಲೂ ಐದಾರು ಅಡಿ ಕಸಕಡ್ಡಿ ತೆಗೆದು ಬರಿಯ ನೆಲ ಮಾಡಬೇಕು. ಏಳುವುದಕ್ಕೆ ಅರ್ಧ ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ, ಉಳಿದ ಕೊಳ್ಳಿಗಳನ್ನು ಬಿಡಿಬಿಡಿಯಾಗಿ ಹರಡಬೇಕು. ಅನಂತರ ಗಾಳಿ ಬೀಸುವ ಕಡೆಗೆ ಬೆನ್ನಾಗಿ ನಿಂತು, ನೀರನ್ನು ಚಿಮುಕಿಸಬೇಕು. ಒಮ್ಮೆಗೇ ಎರಚಿದರೆ ಬಿಸಿಬೂದಿಯೂ ಆವಿಯೂ ಮುಖಕ್ಕೆ ಹೊಡೆಯುತ್ತವೆ. ಕೋಲಿನಿಂದ ಅಡಿಯವರೆಗೆ ಕಲಕಿ, ಒಲೆಗಲ್ಲುಗಳನ್ನು ಹೊರಳಿಸಿ, ಪುನಃ ನೀರು ಹಾಕಬೇಕು. ಚುರ್ರೆನ್ನುವ ಶಬ್ದ ನಿಂತ ಮಾತ್ರಕ್ಕೆ ಆರಿತೆನ್ನಕೂಡದು. ಅಂಗೈಯ ಹಿಂಬದಿಯನ್ನು ಮೊದಲು ಬೂದಿಯ ಮೇಲೆ ಹಿಡಿದು ನೋಡಿ, ಬಿಸಿ ತಾಕದಿದ್ದರೆ ಮುಟ್ಟಿ ಪರೀಕ್ಷಿಸಬೇಕು. ಕೈಯಿಡಲಾಗದಷ್ಟು ಬಿಸಿಯಿರುವ ಬೆಂಕಿ ಆರಿದ ಬೆಂಕಿಯಲ್ಲ.

ನೀರು ಸಾಲದಿದ್ದರೆ ಎಲೆ, ಬೇರು, ಗೊಬ್ಬರ ಬೆರೆಯದ ಮಣ್ಣನ್ನು ಕೆಂಡದೊಡನೆ ಚೆನ್ನಾಗಿ ಬೆರಸಿ, ಪೂರ್ಣವಾಗಿ ತಣ್ಣಗಾಗುವವರೆಗೆ ಕಲಕುತ್ತಿರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಬಂಡಿಯವರಿಗೆ ಬೇಸರವೂ ಆಗಬಹುದು. ಆದರೂ ಕೆಂಡವನ್ನು ಹೂತುಬಿಡಕೂಡದು. ಮೇಲೆ ಏನೂ ಕಾಣದ ಅಂತಹ ಸ್ಥಳದಲ್ಲಿ ಹುಡುಗರೂ ದನಗಳೂ ಕಾಲಿಟ್ಟು ಸುಟ್ಟುಕೊಳ್ಳುವುದುಂಟು.

ಗ್ರಾಮದ ಮುಖಂಡರು ತೋಪಿನಲ್ಲಿ ಬೆಂಕಿಗೆಂದು ಒಂದೇ ಸ್ಥಳವನ್ನು ಗೊತ್ತುಮಾಡಿ, ಸುಗ್ಗಿ ಮುಗಿಯುವವರೆಗೆ ಅಲ್ಲಿ ಒಂದು ಬಾನಿ ನೀರು ತುಂಬಿಸಿಡುವುದು ಉತ್ತಮ. ತಣ್ಣಗಾದ ಬೂದಿಯನ್ನು ಮಾರನೆಯ ದಿನ ತಿಪ್ಪೆಗೆ ಸೇರಿಸಬಹುದು. ಬಿಸಿಬೂದಿಯನ್ನು ಮಾತ್ರ ಎಂದಿಗೂ ಹಾಕಕೂಡದು. ಒಣಗೊಬ್ಬರದಲ್ಲಿ ಬೆಂಕಿಯು ಜ್ವಾಲೆಯಿಲ್ಲದೆ ದಿನಗಟ್ಟಲೆ ಒಳಗೊಳಗೇ ಹರಿಯುತ್ತದೆ.