ಕೋಳಿ ಮೊದಲೋ, ತತ್ತಿ ಮೊದಲೋ?

ಭಾಲ್ಕಿಯ ಚಹಾ ಅಂಗಡಿಯಲ್ಲಿ ಕೇಳ್ರಿ, ಔರಾದ ಬಸ್ ಸ್ಟ್ಯಾಂಡಿನಲ್ಲಿ ಕೇಳ್ರಿ, ಈ ವಾದ ಮುಗಿಯೋದೇ ಇಲ್ಲ. ಆದರೆ ಉತ್ತರ ನಿಮ್ಮ ಹಿತ್ತಲಲ್ಲೇ ಮಣ್ಣು ಕೆದರುತ್ತಿರಬಹುದು. ಹೆಸರು ಗಿರಿರಾಜ!

ಹಳ್ಳಿ ಹಿತ್ತಲಿಗಂತಲೇ ಈ ಕೋಳಿಯನ್ನು ರೂಪಿಸಿದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. ಆ ಕಾಲೇಜು ಈಗ ನಮ್ಮ ಬೀದರಿನ ಪಶು ವಿಶ್ವವಿದ್ಯಾಲಯದ ಅಡಿಯಲ್ಲೇ ಇದೆ. ಗಿರಿರಾಜ ಮಿಶ್ರತಳಿ. ಅಂದ್ರೆ ಮೊದಲ ಗಿರಿರಾಜನ ತಾಯಿ ಗಿರಿರಾಜ ಅಲ್ಲ, ತಂದೆಯೂ ಅಲ್ಲ. ಹೊಸ ತಳಿ ಶುರುವಾಗಿದ್ದು ತತ್ತಿಯೊಳಗೆ. 21 ದಿನ ಕಾವು, ಆಮೇಲೆ ಮರಿ!

ಕಾಡುಕೋಳಿ ಊರುಕೋಳಿ ಆಗಿದ್ದೂ ತತ್ತಿಯೊಳಗೇ. ಆದರೆ ಒಂದೇ ದಿನಕ್ಕಲ್ಲ, ತಲೆಮಾರಿನಿಂದ ತಲೆಮಾರಿಗೆ ಇಷ್ಟಿಷ್ಟೇ. ಮೂಲ, ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಕೋಳಿಗಳ ಹಳದಿ ಕಾಲಿನ ಗುಣ ಮಾತ್ರ ನಮ್ಮ ದಕ್ಷಿಣದ ಬೂದು ಕಾಡುಕೋಳಿಯ ಕೊಡುಗೆ.

ಬರೀ ತತ್ತಿಯ ಮಾತಾದ್ರೆ ಜಗಳವೇ ಇಲ್ಲ. ಕೋಳಿಗಿಂತ ಕೋಟ್ಯಂತರ ವರ್ಷ ಮೊದಲೇ ಡೈನೋಸಾರ್‌ಗಳು ತತ್ತಿ ಇಡ್ತಿದ್ವು!

ಈಗ ಕಡೇ ಪ್ರಶ್ನೆ. ‘ಕೋಳಿ ತತ್ತಿ’ ಅಂದ್ರೆ ಕೋಳಿ ಇಟ್ಟ ತತ್ತಿಯೋ, ಕೋಳಿ ಹುಟ್ಟೋ ತತ್ತಿಯೋ? ಇಟ್ಟದ್ದು ಅಂದ್ರೆ ಕೋಳಿ ಮೊದಲು, ಹುಟ್ಟೋದು ಅಂದ್ರೆ ತತ್ತಿ ಮೊದಲು. ನಿಮ್ಮ ವೋಟು ಯಾರಿಗೆ? ಕಾಮೆಂಟ್‌ನಲ್ಲಿ ಹೇಳ್ರಿ!