ಕೊಟೇಶನ್ ಹೋಯಿತು, ಆರ್ಡರ್ ಬರಲಿಲ್ಲ!

ದಾವಣಗೆರೆ: ಮಂಡಿಪೇಟೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರು ಮೊನ್ನೆ ಕೆಂಡವಾಗಿದ್ದರು. ಬೆಂಗಳೂರಿನ ಕಂಪೆನಿಯೊಂದಕ್ಕೆ ಪೈಪುಗಳ ಕೊಟೇಶನ್ ಈ-ಮೇಲ್ ಮಾಡಿ ಹತ್ತು ದಿನ ಕಾದರು. ಫೋನ್ ಮಾಡಿದರೆ, "ನಿಮ್ಮದು ಬಂದೇ ಇಲ್ಲವಲ್ರೀ, ಬೇರೆಯವರಿಗೆ ಆರ್ಡರ್ ಕೊಟ್ಟಾಯ್ತು" ಎಂಬ ಜವಾಬು. ಹುಡುಕಿಸಿದರೆ ಕಾಗದ ಸಿಕ್ಕಿತು. ಎಲ್ಲಿ? ಸ್ಪಾಮ್ ಎಂಬ ಕಸದ ಬುಟ್ಟಿಯಲ್ಲಿ!

"ದುಡ್ಡು ಕೊಟ್ಟು ಅಂಗಡಿ ಹೆಸರಲ್ಲೇ ವಿಳಾಸ ಮಾಡಿಸೀನಿ. ಕಳ್ಳನ ಹಂಗೆ ಹಿಡಿದು ಹಾಕ್ಯಾರಲ್ಲ" ಎಂಬುದು ಅವರ ಅಳಲು.

ಅಳಲು ನ್ಯಾಯವೇ. ಆದರೆ ಕಾಗದ ಸೋಸುವ ಜರಡಿಯ ಕಡೆಯೂ ಕೇಳಬೇಕಲ್ಲ? 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಕಂಪೆನಿ ಡಿಇಸಿಯ ಗ್ಯಾರಿ ಥುರ್ಕ್ ಎಂಬಾತ ಸುಮಾರು 400 ಮಂದಿಗೆ ಒಂದೇ ಜಾಹೀರಾತು ಕಳಿಸಿ ಬೈಸಿಕೊಂಡ. ಅಂದು ಶುರುವಾದ ಕಾಟ ಇಂದಿಗೂ ನಿಂತಿಲ್ಲ. ಜರಡಿ ಬಂದದ್ದೇ ಅದಕ್ಕೆ.

ಈ ಜರಡಿ ಮೊದಲು ಕೇಳುವ ಪ್ರಶ್ನೆ: ಕಳಿಸಿದವರು ನೀವೇ ಹೌದೋ? ನಿಮ್ಮ ಲೆಟರ್‌ಹೆಡ್ಡನ್ನು ಯಾವನಾದರೂ ಅಚ್ಚು ಹಾಕಿಸಬಹುದು. ಈ-ಮೇಲ್‌ನಲ್ಲಿ ಅದು ಇನ್ನೂ ಸಲೀಸು. ಅದಕ್ಕೇ ಮೂರು ರುಜುವಾತು ಕೇಳುತ್ತಾರೆ. ಎಸ್‌ಪಿಎಫ್ ಎಂದರೆ ನಿಮ್ಮ ಹೆಸರಿನಲ್ಲಿ ಕಳಿಸಲು ಯಾವ ಕಂಪ್ಯೂಟರ್‌ಗಳಿಗೆ ಅಧಿಕಾರವಿದೆ ಎಂಬ ಪಟ್ಟಿ. ಡಿಕೆಐಎಂ ಅರಗಿನ ಮುದ್ರೆಯಿದ್ದಂತೆ, ದಾರಿಯಲ್ಲಿ ತಿದ್ದಿದರೆ ಗೊತ್ತಾಗುತ್ತದೆ. ಇವೆರಡೂ ತಾಳೆಯಾಗದಿದ್ದರೆ ಕಾಗದವನ್ನು ಏನು ಮಾಡಬೇಕೆಂದು ನೀವೇ ಕೊಡುವ ಅಪ್ಪಣೆ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಕಟ್ಟುನಿಟ್ಟು ಮಾಡಿದೆ: ಜಿಮೇಲ್‌ಗೆ ಕಳಿಸುವ ಯಾರಿಗೇ ಆಗಲಿ ಮೊದಲ ಎರಡರಲ್ಲಿ ಒಂದು ಇರಲೇಬೇಕು, ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ.

ಗಾಬರಿ ಬೇಡಿ ಸ್ವಾಮಿ. ವಿಳಾಸ ಮಾಡಿಸಿಕೊಟ್ಟ ಹುಡುಗನನ್ನು ಕರೆದು "ಮೂರೂ ಹಾಕಿದ್ದೀಯೇನಪ್ಪಾ?" ಎಂದು ಕೇಳಿ. ಹಾಕಿದ್ದೀನಿ ಅಂದರೆ ನಂಬಿ ಸುಮ್ಮನಾಗಬೇಡಿ. ಅಂಗಡಿ ವಿಳಾಸದಿಂದ ನಿಮ್ಮದೇ ಜಿಮೇಲ್‌ಗೊಂದು ಕಾಗದ ಕಳಿಸಿ, ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ನೋಡಿ. ಮೂರರ ಮುಂದೆಯೂ 'ಪಾಸ್' ಎಂದಿರಬೇಕು.

ಬರೆಯುವುದರಲ್ಲೂ ನಮ್ಮವರದು ಅತಿ. 'ಅರ್ಜೆಂಟ್!!! ಬೆಸ್ಟ್ ರೇಟ್!!!' ಎಂದು ದಪ್ಪಕ್ಷರದಲ್ಲಿ ಕಿರುಚಿದರೆ ಜರಡಿಗಿರಲಿ, ಓದುವವನಿಗೂ ಅನುಮಾನ. 'ನೀವು 12ನೇ ತಾರೀಖು ಕೇಳಿದ ಪಿವಿಸಿ ಪೈಪಿನ ದರ' ಎಂದರೆ ಸಾಲದೇ? ಒಂದು ಸಾಲೂ ಬರೆಯದೆ ದರಪಟ್ಟಿಯ ಫೋಟೋ ಅಂಟಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ.

ಎಲ್ಲಕ್ಕಿಂತ ಕೆಟ್ಟದ್ದು, ಯಾರೋ ಮಾರುವ ವಿಳಾಸಗಳ ಪಟ್ಟಿ ಕೊಂಡು ಊರಿಗೆಲ್ಲ ಹಂಚುವುದು. ಬೇಸತ್ತವರು 'ಸ್ಪಾಮ್' ಗುಂಡಿ ಒತ್ತುತ್ತಾರೆ. ಸಗಟಾಗಿ ಕಳಿಸುವವರ ಮೇಲೆ ಇಂಥ ದೂರು ಸಾವಿರಕ್ಕೆ ಮೂರನ್ನು ಮುಟ್ಟಲೇಬಾರದು ಎನ್ನುತ್ತದೆ ಗೂಗಲ್. ಹೆಸರು ಕೆಟ್ಟರೆ ನಿಜವಾದ ಕೊಟೇಶನ್ನೂ ಬುಟ್ಟಿಗೇ!

ದೊಡ್ಡ ಆರ್ಡರಿನ ಮಾತಾದರೆ ಕಳಿಸಿದ ಸಂಜೆಯೇ ಒಂದು ಫೋನ್ ಹಾಕಿ. ಬುಟ್ಟಿಯಲ್ಲಿದ್ದರೆ 'ನಾಟ್ ಸ್ಪಾಮ್' ಒತ್ತಲು ಹೇಳಿ. ಅಂದ ಹಾಗೆ, ನಿಮ್ಮ ಬುಟ್ಟಿಯನ್ನು ಎಂದಾದರೂ ತೆರೆದು ನೋಡಿದ್ದೀರಾ? ನಿಮಗೆ ಬಂದ ಆರ್ಡರೂ ಅಲ್ಲೇ ಬಿದ್ದಿರಬಹುದು. 30 ದಿನವಾದರೆ ಜಿಮೇಲ್ ತಾನೇ ಅಳಿಸಿಬಿಡುತ್ತದೆ.