ಮಗಳು ಅಲ್ಲಿ ಏನು ಉಣ್ಣುತ್ತಾಳೆ?

ಗದ್ವಾಲ ಸೀಮೆಯ ನಮ್ಮ ಶಾಂತಿನಗರದಲ್ಲಿ ಮೀನು ಎಂದರೆ ಹುಳಿ, ಖಾರ, ಎಣ್ಣೆ. ನೆಂಟರು ಬಂದರೆ ಕೃಷ್ಣಾ ನದಿಯ ಜುರಾಲ ಅಣೆಕಟ್ಟಿನ ತನಕ ಹೋಗಿ, ಕಣ್ಣೆದುರೇ ಕರಿದುಕೊಟ್ಟ ಮೀನನ್ನು ತಿಂದು ಬರುವುದುಂಟು. ಬಾಣಲೆಯಲ್ಲಿ ಚುರ್ ಎನ್ನದ ಮೀನು ನಮ್ಮ ಲೆಕ್ಕದಲ್ಲಿ ಊಟವೇ ಅಲ್ಲ. ಹೀಗಿರುವಾಗ ನಮ್ಮ ಮಗಳಿಗೆ ಜಪಾನಿನ ಒಸಾಕಾ ನಗರದಲ್ಲಿ ಕೆಲಸ ಸಿಕ್ಕಿತು. ಫೋನಿನಲ್ಲಿ ಅವಳ ಅವ್ವನದು ದಿನವೂ ಒಂದೇ ಪ್ರಶ್ನೆ: "ಏನ್ ಉಂಡಿ ಮಗಳೆ?" ಅವಳದೂ ಒಂದೇ ಉತ್ತರ: "ಹೊರಗ ಉಂಡೆ ಅವ್ವಾ." ಆ 'ಹೊರಗ' ಎಂಬ ಮಾತು ಅವ್ವನ ನಿದ್ದೆ ಕೆಡಿಸಿತ್ತು. ಎರಡು ವರ್ಷ ಕಳೆದ ಮೇಲೆ ನಾವಿಬ್ಬರೂ ಹೋಗಿ ಕಣ್ಣಾರೆ ನೋಡಿ ಬಂದೆವು.

ಮೊದಲ ಸಂಜೆಯೇ ಮಗಳು ಸುಶಿ ಅಂಗಡಿಗೆ ಕರೆದೊಯ್ದಳು. ತಟ್ಟೆಗಳು ಉದ್ದನೆಯ ಪಟ್ಟಿಯ ಮೇಲೆ ತಿರುಗುತ್ತಾ ನಮ್ಮೆದುರಿಗೇ ಬರುವ ಅಂಗಡಿ ಅದು. ಈ ಏರ್ಪಾಡು ಹುಟ್ಟಿದ್ದೂ ಅಲ್ಲಿಯೇ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಲಾಗಿ ಸಾಗುವುದನ್ನು ಕಂಡ ಶಿರೈಶಿ ಯೋಶಿಯಾಕಿ ಎಂಬುವರು 1958ರಲ್ಲಿ ಒಸಾಕಾದ ಮಗ್ಗುಲಿನ ಊರಿನಲ್ಲಿ ಇಂಥ ಮೊದಲ ಅಂಗಡಿ ತೆರೆದರು. ಕಡಿಮೆ ಆಳು, ಕಡಿಮೆ ಬೆಲೆ. ಸಾಹುಕಾರರ ಸುಶಿ ಸಾಮಾನ್ಯರ ಕೈಗೆ ಎಟುಕಿತು. ಈಗ ಹಲವೆಡೆ ಎದುರಿನ ಪರದೆಯಲ್ಲಿ ಚಿತ್ರವನ್ನು ಒತ್ತಿದರೆ ಆ ತಟ್ಟೆಯಷ್ಟೇ ಬಂದು ನಿಲ್ಲುತ್ತದೆ.

ಸುಶಿ ಎಂದರೆ ಹಸಿ ಮೀನು ಎಂದು ನಾವು ತಿಳಿದಿದ್ದು ತಪ್ಪು. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನವೇ ಸುಶಿಯ ಜೀವ. ನಮ್ಮ ಸೋನಾ ಮಸೂರಿ ಉದುರುದುರಾದರೆ ಅವರ ಅನ್ನ ಅಂಟಂಟು, ಹಿಡಿದರೆ ಉಂಡೆಯಾಗುತ್ತದೆ. ಆ ಪುಟ್ಟ ಉಂಡೆಯ ಮೇಲೆ ಮೀನಿನ ತುಂಡು, ನಡುವೆ ಚೂರು ವಸಾಬಿ. ಈ ಹಸಿರು ವಸಾಬಿಯನ್ನು ಚಟ್ನಿ ಎಂದುಕೊಂಡು ಬೆರಳ ತುಂಬ ನೆಕ್ಕಿದ್ದು ನಾವೇ. ಖಾರ ನಾಲಗೆಗಲ್ಲ, ನೇರ ಮೂಗಿಗೆ ಏರಿತು! ಕೈಯಿಂದ ತಿಂದರೆ ನಗುತ್ತಾರೇನೋ ಎಂದು ಹೆದರಿದ್ದೆವು. ಸುಶಿಯನ್ನು ಕೈಯಿಂದ ತಿನ್ನುವುದು ಅಲ್ಲಿ ಸಭ್ಯವೇ.

ಅವ್ವ ಮಾತ್ರ ಸಿಹಿ ಮೊಟ್ಟೆಯ ಸುಶಿ, ಸೌತೆಕಾಯಿಯ ಸುಶಿ ಬಿಟ್ಟು ಬೇರೆ ಮುಟ್ಟಲಿಲ್ಲ. "ಹಸೀ ಮೀನು ಹೊಟ್ಯಾಗ ಹುಳ ಮಾಡ್ತದ" ಎಂದಳು. ಅವಳ ಮಾತು ಸುಳ್ಳಲ್ಲ. ಕಡಲ ಮೀನಿನಲ್ಲೂ ಹುಳವಿರಬಹುದು. ಮೈನಸ್ 20 ಡಿಗ್ರಿಯಲ್ಲಿ ಇಡೀ ಒಂದು ದಿನವೋ ಹೆಚ್ಚೋ ಹೆಪ್ಪುಗಟ್ಟಿಸಿದರೆ ಅದು ಸಾಯುತ್ತದೆ. ನದಿ, ಕೆರೆಗಳ ಮೀನಂತೂ ಹಸಿಯಾಗಿ ಬಲು ಅಪಾಯ. ಆದುದರಿಂದ ಪ್ರಿಯ ಓದುಗರೆ, ಸುಶಿಯ ಆಸೆಯಿಂದ ಜುರಾಲದ ಮೀನಿನ ಮೇಲೆ ಈ ಪ್ರಯೋಗ ಬೇಡ!

ಭಾಷೆ ಬಾರದವರಿಗೂ ಆ ಊರಿನಲ್ಲಿ ಹಸಿವಿಲ್ಲ. ಅಂಗಡಿಯ ಗಾಜಿನ ಹಿಂದೆ ಎಲ್ಲ ತಿನಿಸುಗಳ ಪ್ಲಾಸ್ಟಿಕ್ ಮಾದರಿಗಳನ್ನು ನಿಜವೆಂಬಂತೆ ಮಾಡಿ ಇಟ್ಟಿರುತ್ತಾರೆ. ಬೆರಳು ತೋರಿಸಿದರಾಯಿತು. ಕೂತೊಡನೆ ಕೈ ಒರೆಸಲು ಒದ್ದೆ ಬಟ್ಟೆ, ಕೇಳದೆಯೇ ನೀರು. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ನಾವು ಮೇಜಿನ ಮೇಲೆ ಬಿಟ್ಟ ಚಿಲ್ಲರೆಯನ್ನು ಮರೆತು ಬಿಟ್ಟದ್ದೆಂದು ಹುಡುಗನೊಬ್ಬ ಬೀದಿಯವರೆಗೆ ಓಡಿಬಂದು ಕೊಟ್ಟುಹೋದ.

ತೆಂಪುರಾ ಕಂಡಾಗ ಅವ್ವನ ಮುಖ ಅರಳಿತು. "ಇದು ನಮ್ಮ ಬಜ್ಜಿ ಅಲ್ಲೇನು!" ಈ ಬಜ್ಜಿಯ ಹಿಂದೆ ನಮ್ಮ ಓದುಗರಿಗೆ ಹಿಡಿಸುವ ಕಥೆಯಿದೆ. ಪೋರ್ಚುಗೀಸರು 1543ರಲ್ಲಿ, ಸಂತ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನ್ ಮುಟ್ಟಿದರು. ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದ ಉಪವಾಸದ ದಿನಗಳಿಗೆ ಲ್ಯಾಟಿನಿನಲ್ಲಿ 'ಕ್ವಾತುವೊರ್ ತೆಂಪೊರಾ' ಎಂದು ಹೆಸರು. ಆ ದಿನಗಳಲ್ಲಿ ಮಾಂಸ ಬಿಟ್ಟು, ಮೀನು ತರಕಾರಿಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುತ್ತಿದ್ದರಂತೆ. 'ತೆಂಪುರಾ' ಹೆಸರು ಅಲ್ಲಿಂದ ಬಂತೆಂದು ಹೇಳುವುದುಂಟು. ನಾಗಸಾಕಿಯ ಹೆಸರಾಂತ ಕಸುತೆರಾ ಕೇಕಿನ ಮೂಲವೂ ಆ ಪೋರ್ಚುಗೀಸರೇ.

ಇಷ್ಟಾದರೂ ಅವ್ವನ ಮನಸ್ಸು ಹಗುರವಾಗಲಿಲ್ಲ. ಅವಳ ಕಣ್ಣೆಲ್ಲ ಒಬ್ಬೊಬ್ಬರೇ ಕೂರುವ ಸಾಲು ಕುರ್ಚಿಗಳ ಮೇಲೆ. ಕೆಲಸ ಮುಗಿಸಿ ಬಂದವರು ಬಾಗಿಲಲ್ಲಿನ ಯಂತ್ರಕ್ಕೆ ಹಣ ಹಾಕಿ, ಚೀಟಿ ತೆಗೆದು, ಗೋಡೆಗೆ ಮುಖ ಮಾಡಿ ರಾಮೆನ್ ಉಂಡು ಎದ್ದುಹೋಗುತ್ತಾರೆ. ಒಬ್ಬಳೇ ಉಣ್ಣುವ ಹುಡುಗಿಯನ್ನು ಯಾರೂ ದಿಟ್ಟಿಸುವುದಿಲ್ಲ ಎಂಬುದು ನಮಗೆ ಮೆಚ್ಚಿಕೆಯಾಯಿತು. ಅವ್ವ ಮೆಲ್ಲನೆ ಕೇಳಿದಳು: "ನೀನೂ ದಿನಾ ಒಬ್ಬಾಕಿನೇ ಕೂತು ಉಣ್ತಿಯೇನು?" ಮಗಳು ಬಟ್ಟಲಿನಿಂದ ತಲೆ ಎತ್ತಲಿಲ್ಲ. ಎರಡು ವರ್ಷ ಫೋನಿನಲ್ಲಿ ತಿಳಿಯದ್ದು ಆಗ ತಿಳಿಯಿತು.

ಆ ರಾತ್ರಿ ಚಳಿಯಲ್ಲಿ ನಡೆದು ಬರುವಾಗ ಮಗಳು ತಾಯಾಕಿ ಕೊಡಿಸಿದಳು. ಮೀನಿನ ಆಕಾರದ ಅಚ್ಚಿನಲ್ಲಿ ಹಿಟ್ಟು ಹೊಯ್ದು ಬೇಯಿಸಿದ ಬಿಸಿ ತಿಂಡಿ. ಹೊಟ್ಟೆಯೊಳಗೆ ಬೇಯಿಸಿ ಅರೆದ ಸಿಹಿ ಕಾಳು. ಆ ಕೆಂಪು ಕಾಳಿಗೆ ಅಜುಕಿ ಎನ್ನುತ್ತಾರೆ, ನಮ್ಮ ಅಲಸಂದಿಯ ಹತ್ತಿರದ ನೆಂಟ. ಮಕ್ಕಳ ಟಿ.ವಿ.ಯ ಡೋರೆಮಾನ್ ಸದಾ ಮುಕ್ಕುವ ಡೊರಾಯಾಕಿಯೊಳಗೂ, ಟೋಕಿಯೊದ ಕಿಮುರಾಯಾ ಅಂಗಡಿ 1874ರಲ್ಲಿ ಮಾಡಿದ ಅನ್‌ಪಾನ್ ಬನ್ನಿನೊಳಗೂ ಇರುವುದು ಇದೇ. ಹಸಿರು ಚಹಾದ ಐಸ್‌ಕ್ರೀಮನ್ನೂ ತಿಂದೆವು. ಕಹಿ, ನಮಗೆ ಸೇರಲಿಲ್ಲ. ತಾಯಾಕಿ ಕಚ್ಚಿದ ಅವ್ವ ಮಾತ್ರ ಬೀದಿಯಲ್ಲೇ ನಿಂತಳು. "ಹೂರಣ! ಹೋಳಿಗಿ ಹೂರಣಾನೇ ಇದು!" ಮೀನನ್ನು ಮುರಿದು, ಹೂರಣ ಹೆಚ್ಚಿದ್ದ ತಲೆಯ ಭಾಗವನ್ನು ಮಗಳ ಬಾಯಿಗೆ ಇಟ್ಟಳು. ಮೂವರೂ ಅಲ್ಲೇ ನಿಂತು ಇನ್ನೂ ಮೂರು ತಿಂದೆವು.

ಊರಿಗೆ ಮರಳಿ ತಿಂಗಳುಗಳಾದವು. ಫೋನು ದಿನವೂ ಹೋಗುತ್ತದೆ. ಅವ್ವ ಈಗ 'ಏನ್ ಉಂಡಿ' ಎಂದು ಕೇಳುವುದಿಲ್ಲ. "ಯಾರ ಜೋಡಿ ಉಂಡಿ ಮಗಳೆ?" ಎನ್ನುತ್ತಾಳೆ. ಮೊನ್ನೆ ಶನಿವಾರ ಆಫೀಸಿನ ಇಬ್ಬರು ಗೆಳತಿಯರನ್ನು ಮನೆಗೆ ಕರೆದು, ಇಲ್ಲಿಂದ ಒಯ್ದ ಹುಣಸೆಹುಳಿ ಹಾಕಿ ಮೀನಿನ ಸಾರು ಬಡಿಸಿದಳಂತೆ. ಖಾರಕ್ಕೆ ಅವರಿಬ್ಬರೂ ಕಣ್ಣೀರಿಟ್ಟರಂತೆ.